ಎರಡು ಸಲ ತಿರುಗಿದ ಮುಳ್ಳು

ಮಾರಯ್ಯ ಗಡಿಯಾರದ ಗಾಜಿನ ಬಾಗಿಲು ತೆಗೆದು ದೊಡ್ಡ ಮುಳ್ಳಿನ ಮೇಲೆ ತೋರುಬೆರಳಿಟ್ಟ. ಕೈ ಹಿಂದಕ್ಕೆ ತೆಗೆದು ಪಂಚೆಗೆ ಒರೆಸಿಕೊಂಡು, "ಮಾದಪ್ಪ, ತಪ್ಪಿದ್ರೆ ಒಟ್ಟೆಗಾಕ್ಕೊ ನನ್ನಪ್ಪ" ಎಂದು ದೇವರನ್ನು ಬೇಡಿ ಮತ್ತೆ ಇಟ್ಟ. ಮೆಲ್ಲಗೆ ತಳ್ಳಿದ. ಮುಳ್ಳು ನೆತ್ತಿಗೆ ಬಂದದ್ದೇ ಗಡಿಯಾರ ಕರ್ರೆಂದು ಒಳಗೊಳಗೇ ಏನನ್ನೋ ಎಳೆದುಕೊಂಡು ಏಳು ಸಲ ಬಡಿಯಿತು. ಒಂದೊಂದು ಬಡಿತವೂ ಅವನ ಬೆರಳಿನ ಮೂಲಕ ಮೊಳಕೈಗೆ ಹತ್ತಿತು. ಸದ್ದು ನಿಂತ ಮೇಲೆ ಮುಳ್ಳಿನ ಸುತ್ತನ್ನು ಪೂರ್ತಿ ಮಾಡಿ ಮೊದಲಿದ್ದ ಜಾಗದಲ್ಲೇ ಬಿಟ್ಟು ಬಾಗಿಲು ಮುಚ್ಚಿದ. ಈಗ ಒಂದು ಗಂಟೆ ಮುಂದಕ್ಕೆ ಹೋಗಿತ್ತು.

ತಗಡಿನ ಶೆಡ್ಡಿನ ಹೊರಗೆ ಮಂಜು ಹತ್ತಿಯ ಹಾಗೆ ಕೂತಿತ್ತು. ಬೆಳಗಾಗಿದೆಯೋ ಇಲ್ಲವೋ ಹೇಳುವಂತಿರಲಿಲ್ಲ. ಒಳಗೆ ಗೋಣಿ ತಟ್ಟಿನ ಆಚೆ ರಾತ್ರಿ ಕಾವಲಿನ ದೊಡ್ಡಸಿದ್ದಯ್ಯನವರು ಲಿಂಗಪೂಜೆಗೆ ಕೂತಿದ್ದರು. ವಿಭೂತಿಯ ವಾಸನೆ ಬರುತ್ತಿತ್ತು. ಬಂದ ಕೂಡಲೇ ಮಾರಯ್ಯ ತಟ್ಟಿನ ಈಚೆಯಿಂದಲೇ, "ಅಯ್ನೋರೆ, ಮುಳ್ಳು ತಿರುಗ್ಸಿದ್ರಾ?" ಎಂದು ಕೇಳಿದ್ದ. ಉತ್ತರ ಬಂದಿರಲಿಲ್ಲ. ಕೇಳಿದ ಮೇಲೆಯೇ ಅವನಿಗೆ ನೆನಪಾದದ್ದು, ನಿನ್ನೆ ಕಾರ್ತಿಕದ ಸೋಮವಾರ. ಕಾರ್ತಿಕದ ಸೋಮವಾರಗಳಲ್ಲಿ ಅಯ್ಯನವರು ಉಪವಾಸವಿದ್ದು ದೀಪ ಹಚ್ಚಿದ ಗಳಿಗೆಯಿಂದ ಮಾರನೆಯ ಬೆಳಗಿನ ಪೂಜೆ ಮುಗಿಯುವವರೆಗೆ ಮೌನ ಹಿಡಿಯುತ್ತಿದ್ದರು. ಅಂಗೈಯಲ್ಲಿ ಲಿಂಗವಿರುವಾಗ ತಲೆಯನ್ನೂ ಆಡಿಸುತ್ತಿರಲಿಲ್ಲ.

ಅದು ಲೊಕ್ಕನಹಳ್ಳಿಯ ದಾರಿಯನ್ನು ಅಗಲ ಮಾಡುತ್ತಿದ್ದ ಕಾಲ. ಊರಿಗೆ ಮುಂಚೆ ಬೋಳುಬಂಡೆ ಎಂಬ ಗುಡ್ಡವನ್ನು ಸೀಳಿಕೊಂಡು ದಾರಿ ತಿರುಗುತ್ತದೆ. ಎರಡು ಕಡೆಯೂ ಬಂಡೆ, ನಡುವೆ ಒಂದು ಬಸ್ಸು ಹಿಡಿಸುವಷ್ಟೇ ಜಾಗ. ಆ ಬಂಡೆಗೆ ದಿನಾ ಕುಳಿ ತೋಡಿ ಮದ್ದು ತುಂಬಿ ಸಿಡಿಸುತ್ತಿದ್ದರು. ಊರಿನ ಮಗ್ಗುಲಿಗೆ ಕೂಲಿಗಳ ಗುಡಿಸಲು, ತಗಡಿನ ಶೆಡ್ಡು, ಶೆಡ್ಡಿನೊಳಗೆ ಕಂಟ್ರಾಕ್ಟರು ಕೊಡಿಸಿದ್ದ ಗಡಿಯಾರ. ಹೊರಗೆ ಹುಣಿಸೆಮರಕ್ಕೆ ನೇತುಬಿಟ್ಟ ರೈಲು ಕಂಬಿಯ ತುಂಡು. ಗಡಿಯಾರ ನೋಡಿ ಕಂಬಿ ಹೊಡೆಯುವುದು ಮಾರಯ್ಯನ ಕೆಲಸ.

ಆ ತಿಂಗಳು ಹೊತ್ತು ಬೇಗ ಮುಳುಗುತ್ತಿತ್ತು. ರಾಗಿ ತೆನೆ ಬಲಿತು ಆನೆಗಳು ಮಸುಕು ಬೀಳುವ ಮೊದಲೇ ಇಳಿಯತೊಡಗಿದ್ದವು. ಕೂಲಿಗಳನ್ನು ಒಂದು ಗಂಟೆ ಬೇಗ ಬಿಡಬೇಕು, ಕೆಲಸವೂ ಕಮ್ಮಿಯಾಗಬಾರದು. ಹೊಸದಾಗಿ ಬಂದಿದ್ದ ಓವರ್‌ಸಿಯರು ಸೋಮವಾರ ಸಂಜೆಗೆ ಮುಂಚೆ ಜೀಪು ಹತ್ತುತ್ತಾ ಮಾರಯ್ಯನಿಗೂ ಅಯ್ಯನವರಿಗೂ ಉಪಾಯ ಹೇಳಿದ್ದರು. "ಬೇಗ ಬನ್ನಿ ಅಂದ್ರೆ ಗೊಣಗ್ತಾರೆ. ಗಡಿಯಾರವನ್ನೇ ಒಂದು ಗಂಟೆ ಮುಂದಿಟ್ಟುಬಿಡಿ. ರಾತ್ರಿಯೊಳಗೆ ಇಬ್ಬರಲ್ಲಿ ಒಬ್ಬರು ಮಾಡಿ. ಮದ್ದು ಮಾತ್ರ ಮೊದಲಿನ ಹೊತ್ತಿಗೇ. ಇಷ್ಟು ದಿನ ಒಂದಕ್ಕೆ ಹಾರಿಸ್ತಿದ್ರಿ, ನಾಳೆಯಿಂದ ಎರಡಕ್ಕೆ. ಹನ್ನೆರಡರ ಬಸ್ಸು ಯಾವತ್ತಿನ ಹಾಗೆ ಮುಂಚೆಯೇ ದಾಟಿಹೋಗಿರುತ್ತೆ."

"ನೆಳ್ಳಿಗೂ ಗಡಿಯಾರಕ್ಕೂ ತಾಳೆ ಆಗಲ್ವಲ್ಲ ಸಾ" ಎಂದಿದ್ದ ಮಾರಯ್ಯ.

"ನೆರಳು ನೋಡಬೇಡಯ್ಯ ನೀನು, ಗಡಿಯಾರ ನೋಡು."

ಜೀಪು ಹೋಯಿತು. ಮಾರಯ್ಯ ಊರಿಗೆ ಹೋದ. ಒಬ್ಬರೇ ಉಳಿದ ದೊಡ್ಡಸಿದ್ದಯ್ಯನವರು ಪಡುವಲನ್ನು ನೋಡಿದರು. ದೀಪ ಹಚ್ಚಿದ ಮೇಲೆ ಅವರು ಉಪ್ಪು ಕೊಡುವವರಲ್ಲ, ಸೂಜಿ ಕೊಡುವವರಲ್ಲ. ಹೊತ್ತನ್ನು ಅಳೆಯುವ ಮುಳ್ಳನ್ನು ಮುಟ್ಟುವುದಂತೂ ಆಗದ ಮಾತು. ಆದ್ದರಿಂದ ಹೊತ್ತು ಇನ್ನೂ ಗುಡ್ಡದ ಮೇಲಿರುವಾಗಲೇ ಕೈಕಾಲು ತೊಳೆದು, ಗಡಿಯಾರದ ನೆತ್ತಿಗೆ ಮೂರು ಬೆರಳು ವಿಭೂತಿ ಎಳೆದು, ಮುಳ್ಳನ್ನು ಒಂದು ಸುತ್ತು ತಿರುಗಿಸಿಟ್ಟರು. ಆಮೇಲೆ ಲಾಟೀನು ಹಚ್ಚಿ ಮೌನಕ್ಕೆ ಕೂತರು.

ಬೆಳಿಗ್ಗೆ ಬಂದ ಮಾರಯ್ಯ ಇದೇ ನೇಮವನ್ನು ನೆನೆದು ಬೇರೆ ಲೆಕ್ಕ ಹಾಕಿದ. ಸಾಹೇಬರು ಹೇಳಿದ್ದು ರಾತ್ರಿಯೊಳಗೆ ಎಂದು. ರಾತ್ರಿ ಈ ಅಯ್ಯ ಮುಳ್ಳು ಮುಟ್ಟುವವರಲ್ಲ. ಅಂದಮೇಲೆ ಹಾಗೇ ಇದೆ. ಮಂಜಿನಲ್ಲಿ ನೋಡುವುದಕ್ಕೆ ನೆರಳೂ ಇರಲಿಲ್ಲ, ಬೆಳ್ಳಿಚುಕ್ಕಿಯೂ ಇರಲಿಲ್ಲ. ತಟ್ಟಿನ ಆಚೆ ಕೂತಿದ್ದವರ ಕಿವಿಗೆ ಏಳು ಬಡಿದದ್ದು ಬಿತ್ತು. ಏಳರ ಹೊತ್ತಿಗೆ ಏಳು ಬಡಿಯಿತು ಎಂದುಕೊಂಡು ಅವರು ಕಣ್ಣು ಮುಚ್ಚಿಯೇ ಇದ್ದರು. ಇಬ್ಬರು ಭಯಭಕ್ತಿಯ ಮನುಷ್ಯರು ಒಂದೇ ಕೆಲಸವನ್ನು ಒಂದೊಂದು ಸಲ ಮಾಡಿದರು. ಗಡಿಯಾರ ಎರಡು ಗಂಟೆ ಮುಂದೆ ನಡೆಯತೊಡಗಿತು.

ಎಂಟಕ್ಕೆ ಮಾರಯ್ಯ ಕಂಬಿ ಹೊಡೆದ. ಗುಡಿಸಲುಗಳಿಂದ ಕೆಮ್ಮು, ಬೈಗುಳ ಎದ್ದವು. ಕಲ್ಲು ಹೊರುವ ರಾಚಮ್ಮ ತಲೆಗೆ ಸೆರಗು ಸುತ್ತಿಕೊಳ್ಳುತ್ತಾ ಮಂಜಿನಿಂದ ಈಚೆ ಬಂದಳು.

"ಏನ್ಲಾ ಮಾರಯ್ಯ, ಕೋಳಿನೂ ಕೂಗಿಲ್ಲ, ನೀನು ಕೂಗ್ತಿದ್ದೀಯೆ. ಎಂಡ್ರಿಲ್ದೆ ರಾತ್ರಿಯೆಲ್ಲ ನಿದ್ದೆ ಬರ್ನಿಲ್ವಾ?"

"ಸಾಯೇಬ್ರು ಗಂಟೆ ಮುಂದಾಕವ್ರೆ ಕಣಕ್ಕ."

"ಅಂಗಾರೆ ಸಂಬಳದ ದಿನಾನೂ ಒಂದೆಳ್ಡು ದಿನ ಮುಂದಾಕ್ಸು" ಎಂದು ಅವಳು ನಗುತ್ತಾ ಹೋದಳು.

ಹೆಂಡತಿಯ ಮಾತು ಬಂದಾಗ ಮಾರಯ್ಯನಿಗೆ ಒಳಗೆ ಚುಳುಕೆಂದಿತು. ಮಹಾಲಕ್ಷ್ಮಮ್ಮ ಕಣ್ಣಿನ ಪೊರೆ ತೆಗೆಸಲು ಕೊಳ್ಳೇಗಾಲಕ್ಕೆ ಹೋಗಿ ವಾರದ ಮೇಲಾಗಿತ್ತು. ಜೊತೆಗೆ ಅವಳ ತಂಗಿ ಇದ್ದಳು. ಬಲಗಣ್ಣಿಗೆ ಬಟ್ಟೆ ಕಟ್ಟಿದ್ದಾರೆ, ಎಡಗಣ್ಣು ಮೊದಲಿನಿಂದಲೂ ಮಬ್ಬು, ಮಂಗಳವಾರದ ಬಸ್ಸಿಗೆ ಕಳಿಸುತ್ತೇನೆ ಎಂದು ತಂಗಿ ಕಂಡಕ್ಟರ ಬಾಯಲ್ಲಿ ಹೇಳಿಕಳಿಸಿದ್ದಳು. ಊರಿಗೆ ಇದ್ದದ್ದು ಅದೊಂದೇ ಬಸ್ಸು. ಬೋಳುಬಂಡೆಯ ಸೀಳಿನಲ್ಲಿ ನುಗ್ಗಿ, ಕಂಬಿ ಕಟ್ಟಿದ್ದ ಹುಣಿಸೆಮರದ ಮುಂದೆಯೇ ಹಾದು ಊರು ಸೇರುತ್ತಿತ್ತು. ಕೈಬೀಸಿದರೆ ಡ್ರೈವರು ಇಲ್ಲೇ ಇಳಿಸುತ್ತಾನೆ. ಮಾರಯ್ಯ ಮರದ ಬುಡದಲ್ಲಿ ಒಂದು ಚಪ್ಪಡಿಯನ್ನು ಗುಡಿಸಿ ಅವಳು ಕೂರುವುದಕ್ಕೆಂದು ಟವೆಲು ಹಾಸಿದ್ದ.

ಬಿಸಿಲು ಬರಲೇ ಇಲ್ಲ. ಊಟದ ಕಂಬಿ ಹೊಡೆದಾಗಲೂ ಮಂಜು ಗುಡ್ಡದ ಸೊಂಟದಲ್ಲಿ ನೇತಾಡುತ್ತಿತ್ತು. ಮುದ್ದೆ ಬಿಚ್ಚಿದವರಿಗೆ ಹಸಿವೇ ಇರಲಿಲ್ಲ.

"ಒಟ್ಟೆ ಇನ್ನೂ ಬಾಯೇ ಬುಟ್ಟಿಲ್ಲ ಕಣ್ರಪ್ಪ" ಎಂದ ಒಬ್ಬ.

"ಗಡಿಯಾರಕ್ಕೆ ಅಸ್ದದೆ ಕಣ್ಲಾ, ಉಣ್ಣು" ಎಂದಳು ರಾಚಮ್ಮ.

ಎಲ್ಲರೂ ನಕ್ಕರು. ಮಾರಯ್ಯನೂ ನಕ್ಕ. ಆದರೆ ಅವನ ಕಿವಿ ಸೀಳಿನ ಆಚೆಯೇ ಇತ್ತು. ಬಸ್ಸಿನ ಹಾರನ್ನು ಕೇಳಲಿಲ್ಲ. ಗಡಿಯಾರ ಒಂದು ಹೊಡೆಯಿತು. ಹನ್ನೆರಡರ ಬಸ್ಸು ಹೊಸ ಲೆಕ್ಕದಲ್ಲಿ ಬರುವ ಹೊತ್ತು ಅದು. ಬರಲಿಲ್ಲ. ಒಂದೂವರೆಯಾಯಿತು. ಬಸ್ಸು ಇಷ್ಟು ತಡವಾಯಿತೆಂದರೆ ಆವತ್ತಿಗೆ ಇಲ್ಲವೆಂದೇ ಲೆಕ್ಕ. ಹನೂರಿನ ದಾರಿಯಲ್ಲಿ ಎಲ್ಲೋ ಕೆಟ್ಟು ನಿಂತಿರುತ್ತಿತ್ತು. ಅಥವಾ ಬಸ್ಸಿಗೇನೂ ಆಗಿಲ್ಲವೋ, ಅವಳಿಗೇ ಏನೋ ಆಗಿದೆಯೋ. ಕಣ್ಣಿಗೆ ಕೀವು ಕಟ್ಟಿದರೆ ತಲೆಗೇ ಏರುತ್ತದೆ ಎಂದು ಯಾರೋ ಹೇಳಿದ್ದರು. ಹಾಸಿದ್ದ ಟವೆಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡ. ಹಾಕಿಕೊಂಡದ್ದು ಅಪಶಕುನವಾಯಿತೇನೋ ಎಂದು ಮತ್ತೆ ಹಾಸಿದ.

ಮದ್ದಿನ ಮೇಸ್ತ್ರಿ ಕೆಂಪನಂಜಪ್ಪ ಬತ್ತಿಯ ಸುರುಳಿಯನ್ನು ತೋಳಿಗೆ ಸಿಕ್ಕಿಸಿಕೊಂಡು ಬಂದ. ಎಡಗೈಯಲ್ಲಿ ಎರಡು ಬೆರಳಿಲ್ಲದ ಮನುಷ್ಯ. ಮಾತು ಕಮ್ಮಿ.

"ಕುಳಿ ತುಂಬಾಯ್ತು. ಬಸ್ಸು ಓಯ್ತಾ?"

"ಬರ್ನೇ ಇಲ್ಲ ಕಣಣ್ಣ. ಒತ್ತು ಮೀರ್ತು. ಕೆಟ್ಟು ನಿಂತದೆ ಅಂತ ಕಾಣ್ತದೆ."

"ನಿನ್ನೆಂಡ್ರು ಇವತ್ತು ಬತ್ತಾಳೆ ಅಂದಿದ್ಯಲ್ಲ."

"ಬರ್ನಿಲ್ಲ."

ಕೆಂಪನಂಜಪ್ಪ ಅವನ ಮುಖವನ್ನು ಒಂದು ಗಳಿಗೆ ನೋಡಿ, "ನಾಳೆ ಬತ್ತಾಳೆ ಬುಡು. ಎರಡಾಗ್ತಲೂ ಒಡಿ" ಎಂದು ಸೀಳಿನ ಕಡೆ ಹೋದ.

ಮದ್ದಿಗೆ ಎರಡು ಸಲ ಕಂಬಿ ಹೊಡೆಯುವುದು ರೂಢಿ. ಮೊದಲನೆಯದಕ್ಕೆ ಕೂಲಿಗಳು ಊರಿನ ಮಗ್ಗುಲಿಗೆ ಬಂದು ಸೇರುತ್ತಿದ್ದರು. ರಾಚಮ್ಮ ಕೆಂಪು ಬಾವುಟ ಹಿಡಿದು ಊರಿನ ದಾರಿಗೆ ಅಡ್ಡ ನಿಲ್ಲುತ್ತಿದ್ದಳು, ಗಾಡಿ ದನ ಬರುತ್ತಿದ್ದದ್ದು ಆ ಕಡೆಯಿಂದಲೇ. ಕೊಳ್ಳೇಗಾಲದ ಕಡೆಗೆ ಬಾವುಟವಿರಲಿಲ್ಲ. ಅಲ್ಲಿಂದ ಬರುವುದು ಒಂದೇ ಬಸ್ಸು, ಅದು ಯಾವತ್ತೂ ಮೊದಲೇ ದಾಟಿಹೋಗಿರುತ್ತಿತ್ತು. ಎರಡನೇ ಸಲದ ಕಂಬಿ ಕೇಳಿದ ಮೇಲೆ ಮೇಸ್ತ್ರಿ ಬತ್ತಿಗೆ ಬೆಂಕಿ ಕೊಟ್ಟು ಬಂದು ಬಂಡೆಯ ಮರೆಗೆ ಕೂರುತ್ತಿದ್ದ. ಬತ್ತಿ ಕುಳಿ ಮುಟ್ಟುವುದಕ್ಕೆ ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಹಿಡಿಯುತ್ತಿತ್ತು.

ಗಡಿಯಾರ ಎರಡು ಹೊಡೆಯಿತು. ಮಾರಯ್ಯ ಮೊದಲ ಸಲ ಹೊಡೆದ. ಜನ ಬಂದು ಸೇರಿದರು. ಎರಡನೇ ಸಲವೂ ಹೊಡೆದ. ಸುತ್ತಿಗೆ ಕೆಳಗಿಟ್ಟು ನಿಂತಾಗ ಮಂಜು ಒಮ್ಮೆಗೇ ಹರಿದು ಬಿಸಿಲು ಬಿತ್ತು. ಬೆಳಗಿನಿಂದ ಕಾಣದಿದ್ದ ನೆರಳುಗಳೆಲ್ಲ ನೆಲದ ಮೇಲೆ ಬಿದ್ದವು. ಮಾರಯ್ಯ ಮರದ ನೆರಳನ್ನು ನೋಡಿದ. ಮೂಡಲಿಗೆ ಹೊರಳಿ ಎಷ್ಟೋ ಹೊತ್ತಾಗಿರಬೇಕಾದ ನೆರಳು ಇನ್ನೂ ಪಡುವಲಿಗೇ ಕೊಂಚ ವಾಲಿಕೊಂಡಿತ್ತು. ಸಾಹೇಬರು ನೋಡಬೇಡ ಎಂದಿದ್ದರು. ಆದರೂ ಕಣ್ಣು ಅಲ್ಲಿಂದ ಏಳಲಿಲ್ಲ. ಒಂದು ಗಂಟೆಯ ವ್ಯತ್ಯಾಸಕ್ಕೆ ನೆರಳು ಇಷ್ಟು ಹಿಂದೆ ಬೀಳುತ್ತದೆಯೇ?

ಊರಿನ ದಾರಿಯಲ್ಲಿ ದೊಡ್ಡಸಿದ್ದಯ್ಯನವರು ಬರುತ್ತಿದ್ದರು. ಬೆಳಿಗ್ಗೆ ಪೂಜೆ ಮುಗಿಸಿ, ಕೂಲಿಗಳ ಗದ್ದಲದಲ್ಲಿ ಯಾರೊಂದಿಗೂ ಮಾತಾಡದೆ ಊರಿಗೆ ಹೋಗಿ ಉಪವಾಸ ಬಿಟ್ಟು ಮಲಗೆದ್ದವರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಮಜ್ಜಿಗೆಯ ಚೆಂಬು. ಏದುಸಿರು ಬಿಡುತ್ತಿದ್ದರು. ರಾಚಮ್ಮನ ಬಾವುಟವನ್ನು ಕೈಯಿಂದ ಸರಿಸಿ ದೂರದಿಂದಲೇ ಕೂಗಿದರು.

"ಮಾರಯ್ಯ! ಇದ್ಯಾಕಪ್ಪ ಮದ್ದಿನ ಕಂಬಿ ಒಡೆದೆ? ಇನ್ನೂ ನಡುಮಧ್ಯಾನ!"

"ಎರಡಾಯ್ತು ಅಯ್ನೋರೆ. ಗಂಟೆ ಮುಂದಾಕಿಲ್ವಾ."

"ಮುಂದಾಕಿದ್ದು ನಾನೇ ಅಲ್ವಾ! ಒಂದು ಗಂಟೆ ತಾನೆ!"

"ನೀವಾ?" ಮಾರಯ್ಯ ಶೆಡ್ಡಿನೊಳಗಿನ ಗಡಿಯಾರದ ಕಡೆ ತಿರುಗಿ ನೋಡಿದ. "ನೀವು ದೀಪ ಹಚ್ಚಿದ ಮ್ಯಾಕೆ ಮುಟ್ಟಲ್ವಲ್ಲ..."

"ಅದಕ್ಕೇ ದೀಪ ಹಚ್ಚಾಕೆ ಮುಂಚೇನೆ ತಿರುಗ್ಸಿದೆ ಕಣಪ್ಪ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಯ್ಯನವರ ಕೈಯ ಚೆಂಬು ಓರೆಯಾಗಿ ಮಜ್ಜಿಗೆ ಕಾಲ ಮೇಲೆ ಸುರಿಯುತ್ತಿದ್ದದ್ದು ಅವರಿಗೆ ಗೊತ್ತಾಗಲಿಲ್ಲ. ಬಸ್ಸು ಕೆಟ್ಟಿರಲಿಲ್ಲ. ಬಸ್ಸು ತಡವೂ ಆಗಿರಲಿಲ್ಲ. ಬಸ್ಸಿನ ಹೊತ್ತು ಈಗ ಆಗುತ್ತಿತ್ತು.

ಅಷ್ಟರಲ್ಲಿ, ಗುಡ್ಡದ ಆಚೆ ಬಲು ದೂರದಲ್ಲಿ, ಹಾರನ್ನು ಕೇಳಿಸಿತು.

ಮಾರಯ್ಯ ಓಡಿದ. ಹಿಂದೆ ಯಾರೋ ಕಂಬಿಯನ್ನು ಒಂದೇ ಸಮನೆ ಬಡಿಯುತ್ತಿದ್ದರು. ಬಸ್ಸಿನೊಳಗಿನವರಿಗೆ ಅದು ಕೇಳುವಂತಿರಲಿಲ್ಲ. ಕೇಳಿದರೂ ಏನೆಂದು ತಿಳಿಯುವಂತಿರಲಿಲ್ಲ. ಸೀಳಿನ ಬಾಯಲ್ಲಿ ಕೆಂಪನಂಜಪ್ಪ ಬಂಡೆಯ ಮರೆಯಿಂದ ಹಾರಿ ಬಂದು ಅವನ ಅಂಗಿ ಹಿಡಿದ.

"ಲೇ! ಎಲ್ಲಿಗ್ಲಾ? ಬೆಂಕಿ ಕೊಟ್ಟಾಗದೆ!"

"ಆರ್ಸಣ್ಣ, ಆರ್ಸು! ಬಸ್ಸು!"

"ಬತ್ತಿಗಳು ಬಂಡೆ ಮ್ಯಾಲೆ ಅವೆ, ಅತ್ತಿ ಕೀಳೋ ಅಷ್ಟ್ರಲ್ಲಿ ಒಡೀತವೆ! ಬ್ಯಾಡ ಕಣ್ಲಾ, ಬ್ಯಾಡ!"

ಅಂಗಿ ಹರಿದು ಮೇಸ್ತ್ರಿಯ ಕೈಯಲ್ಲಿ ಉಳಿಯಿತು. ಮಾರಯ್ಯ ಸೀಳಿನೊಳಗೆ ನುಗ್ಗಿದ.

ಬಸ್ಸಿನ ಕಡೆಗೆ ಬೇರೆ ದಾರಿಯೇ ಇರಲಿಲ್ಲ. ಒಳಗೆ ಹೊರಗಿನ ಸದ್ದೆಲ್ಲ ನಿಂತುಹೋಯಿತು. ಅವನ ಪಾದದ ಸದ್ದು ಎರಡೂ ಬಂಡೆಗೆ ತಾಗಿ ಇನ್ನೂ ಯಾರೋ ಜೊತೆಗೆ ಓಡುತ್ತಿರುವ ಹಾಗೆ ಕೇಳಿತು. ತಲೆಯ ಮೇಲೆ ಎಡಗಡೆ ತೆಳ್ಳಗೆ ಬಿಳಿ ಹೊಗೆ. ಅದರ ಮುಂದೆ ಇನ್ನೊಂದು. ಬತ್ತಿ ಉರಿಯುವ ಸದ್ದು ಕೊಳಕುಮಂಡಲ ಬುಸುಗುಟ್ಟಿದ ಹಾಗೆ ಸಣ್ಣಗೆ, ಬಿಡದೆ ಬರುತ್ತಿತ್ತು. ಮೇಲೆ ನೋಡಬಾರದು ಎಂದುಕೊಂಡ, ನೋಡಿದ. ಬಂಡೆ ತನ್ನ ಮೇಲೆ ಆಗಲೇ ವಾಲುತ್ತಿದೆ ಅನ್ನಿಸಿತು. ಹುಟ್ಟಿದಾಗಿನಿಂದ ನಾಲಿಗೆಯ ಮೇಲಿದ್ದ ಮಾದಪ್ಪನ ಹೆಸರನ್ನು ಕೂಗಬೇಕೆಂದು ಬಾಯಿ ತೆರೆದ. ಹೆಸರು ಬರಲಿಲ್ಲ. ಕಾಲುಗಳು ಮಾತ್ರ ಅವನವಲ್ಲದ ಹಾಗೆ ಓಡುತ್ತಿದ್ದವು. ಕರೆಯುವುದಕ್ಕೂ ಆಗದವನನ್ನು ಕೈಹಿಡಿದು ನಡೆಸುವವನು ಒಬ್ಬನಿದ್ದಾನೆ ಎಂದು ಹಿರಿಯರು ಹೇಳುತ್ತಾರೆ. ಇದ್ದನೋ ಏನೋ. ಆ ಹೊತ್ತಿನಲ್ಲಿ ಮಾರಯ್ಯನಿಗೆ ಅದು ಗೊತ್ತಿರಲಿಲ್ಲ. ಭಯ ಒಂದೇ ಗೊತ್ತಿತ್ತು.

ಸೀಳು ಮುಗಿದು ಬೆಳಕು ಮುಖಕ್ಕೆ ಬಡಿಯಿತು. ಇನ್ನೂ ಓಡಿದ. ಕೆಳಗಿನ ತಿರುವಿನಲ್ಲಿ ಬಸ್ಸಿನ ಕೆಂಪು ಮೂತಿ ಕಾಣಿಸಿತು. ಹಿಡಿಯಲು ಬಾವುಟವಿಲ್ಲ, ಮೈಮೇಲೆ ಅಂಗಿಯಿಲ್ಲ. ಎರಡೂ ತೋಳು ಚಾಚಿ ದಾರಿಯ ನಡುವೆ ನಿಂತುಬಿಟ್ಟ. ಡ್ರೈವರು ಹಾರನ್ನು ಒತ್ತಿದ, ಒತ್ತುತ್ತಲೇ ಬಂದ, ಕೊನೆಗೆ ಬ್ರೇಕು ಕಿರುಚಿತು. ಬಸ್ಸು ಮಗ್ಗುಲಿಗೆ ಸರಿದು ಅವನಿಂದ ಒಂದು ಮಾರು ದೂರದಲ್ಲಿ ನಿಂತಿತು. ಇಂಜಿನ್ನಿನ ಬಿಸಿ ಗಾಳಿ ಅವನ ಎದೆಗೆ ತಾಗಿತು.

"ಸಾಯಕ್ಕೆ ನನ್ ಬಸ್ಸೇ ಬೇಕಾಗಿತ್ತೇನಯ್ಯ ನಿಂಗೆ?" ಡ್ರೈವರು ಕಿಟಕಿಯಿಂದ ಅರ್ಧ ಹೊರಗೆ ಬಂದು ಕಿರುಚಿದ. "ಕುಡ್ದಿದ್ದೀಯಾ? ಸರಿ ಆಚೆಗೆ!"

ಮಾರಯ್ಯ ತೋಳು ಇಳಿಸಲಿಲ್ಲ.

ನೆಲ ಒಮ್ಮೆ ಉಸಿರೆಳೆದ ಹಾಗಾಯಿತು. ಆಮೇಲೆ ಸಿಡಿಯಿತು. ಒಂದರ ಹಿಂದೆ ಒಂದು, ಗುಡ್ಡದಿಂದ ಗುಡ್ಡಕ್ಕೆ ಹೋಗಿ ಸದ್ದು ಮತ್ತೆ ಮರಳಿ ಬಂತು. ಸೀಳಿನ ಬಾಯಿಂದ ದೂಳು ಬೂದಿಬಣ್ಣದ ಗೋಡೆಯ ಹಾಗೆ ಹೊರಗೆ ಬಂತು. ಎತ್ತಿನ ತಲೆಯಷ್ಟು ದಪ್ಪದ ಕಲ್ಲೊಂದು ಉರುಳುತ್ತಾ ಬಂದು ದಾರಿಯ ಪಕ್ಕದ ಚರಂಡಿಗೆ ಬಿತ್ತು. ಚಿಕ್ಕ ಚೂರುಗಳು ಬಸ್ಸಿನ ಮೇಲೆ ಮಳೆಹನಿಯ ಹಾಗೆ ಪಟಪಟನೆ ಉದುರಿದವು. ಕಾಡಿನ ಹಕ್ಕಿಗಳೆಲ್ಲ ಎದ್ದವು. ಬಸ್ಸಿನೊಳಗೆ ಒಂದು ಮಗು ಅಳತೊಡಗಿತು. ಡ್ರೈವರು ತೆರೆದ ಬಾಯಿ ಹಾಗೆಯೇ ಇಟ್ಟುಕೊಂಡು ಸೀಟಿನಲ್ಲಿ ಕುಸಿದ.

ದೂಳಿನ ಆಚೆಯಿಂದ ಕೆಂಪನಂಜಪ್ಪನ ಕೂಗು ಬಂತು. ಮೊದಲು ಅರ್ಥವಾಗಲಿಲ್ಲ. ಮತ್ತೆ ಕೂಗಿದ. "ಮಾರಾ! ಇದ್ದೀಯೇನ್ಲಾ?"

ಮಾರಯ್ಯನ ಬದಲಿಗೆ ಕಂಡಕ್ಟರು ಕೂಗಿ ಹೇಳಿದ. "ಅವ್ನೆ! ಬಸ್ಸೂ ಅದೆ! ಎಲ್ಲಾರೂ ಇದ್ದೀವಿ!"

ಆಮೇಲೆ ಮೇಸ್ತ್ರಿ ಇನ್ನೂ ಗಟ್ಟಿಯಾಗಿ ಕೂಗಿದ. "ಒಂದು ಕುಳಿ ಒಡ್ದಿಲ್ಲ! ಬಾಕಿ ಅದೆ! ಯಾರೂ ಇತ್ತಾಗೆ ಬರ್ಬ್ಯಾಡಿ! ನಾನ್ ಹೇಳೋಗಂಟ ಕೂತಿರಿ!"

ಜನ ಒಬ್ಬೊಬ್ಬರೇ ಇಳಿದರು. ಬಸ್ಸಿನ ಹಿಂದೆ ದೂರಕ್ಕೆ ಹೋಗಿ ದಾರಿಯ ಅಂಚಿನಲ್ಲಿ ಕೂತರು. ಯಾರೋ ಒಬ್ಬ ಹೆಂಗಸು ಮಹಾಲಕ್ಷ್ಮಮ್ಮನ ರಟ್ಟೆ ಹಿಡಿದು ಇಳಿಸಿದಳು. ಬಲಗಣ್ಣಿನ ಮೇಲೆ ದಪ್ಪ ಬಿಳಿ ಬಟ್ಟೆ, ಕಂಕುಳಲ್ಲಿ ಬಟ್ಟೆಯ ಗಂಟು. ಎಡಗಣ್ಣನ್ನು ಕಿರಿದು ಮಾಡಿ ಅವಳು ಬೆಳಕಿನ ಕಡೆ ಮುಖವೆತ್ತಿದಳು.

"ಏನಕ್ಕ ಅದು? ಯಾರು ಅಡ್ಡ ನಿಂತೋರು?"

"ಯಾರೋ ರಸ್ತೆ ಕೆಲಸದೋನು ಕಣವ್ವ. ಮೈಮ್ಯಾಲೆ ಅಂಗಿನೂ ಇಲ್ಲ. ನಿಂತಲ್ಲೇ ನಿಂತವ್ನೆ ಪಾಪ, ಕೈ ಇಳಿಸ್ತಾನೇ ಇಲ್ಲ."

ಮಹಾಲಕ್ಷ್ಮಮ್ಮ ಆ ಹೆಂಗಸಿನ ಕೈ ಬಿಡಿಸಿಕೊಂಡಳು. ಬಸ್ಸಿನ ಮೈಯನ್ನು ತಡವುತ್ತಾ ಮುಂದಕ್ಕೆ ಬಂದಳು. ಬಸ್ಸು ಮುಗಿದಲ್ಲಿ ಕೈ ಗಾಳಿಯಲ್ಲಿ ಆಡಿಸಿದಳು. ಮಾರಯ್ಯ ಎರಡು ಹೆಜ್ಜೆ ನಡೆದ. ಅವಳ ಬೆರಳು ಅವನ ತೋಳಿಗೆ ತಾಗಿ, ಹೆಗಲಿಗೆ ಏರಿ, ಕೊರಳಿನ ಕರಿದಾರವನ್ನು ಹಿಡಿದು ನಿಂತಿತು.

"ನೀನಾ?"

ಅವನು ಹೂಂ ಎಂದದ್ದು ಅವಳಿಗೆ ಬೆರಳಿನಲ್ಲೇ ತಿಳಿದಿರಬೇಕು.

"ಅಂಗಿ ಎಲ್ಲೋಯ್ತು? ಇಷ್ಟ್ ತಣ್ಣಗಿದ್ದೀಯಲ್ಲ. ಬಾ, ಕೂತ್ಕೊ ವಸಿ." ಅವನನ್ನು ಕೈಹಿಡಿದು ಬಸ್ಸಿನ ಹಿಂದಕ್ಕೆ ಅವಳೇ ನಡೆಸಿದಳು. ಎಲ್ಲರಿಂದ ಅಷ್ಟು ದೂರದಲ್ಲಿ, ದಾರಿಯ ಅಂಚಿನ ಹುಲ್ಲಿನ ಮೇಲೆ ಕೂತರು. "ನನ್ ಕರ್ಕೊಂಡೋಗಕ್ಕೆ ಇಷ್ಟ್ ದೂರ ಬಂದ್ಯಾ? ಹುಣಸೆಮರದ ತಾವ ಇಳಿಸ್ತಿರ್ಲಿಲ್ವಾ ಡ್ರೈವರಪ್ಪ?"

ಮಾರಯ್ಯನ ಹಲ್ಲುಗಳು ಒಂದಕ್ಕೊಂದು ತಾಗುತ್ತಿದ್ದವು. ಅವಳು ಸೆರಗಿನ ತುದಿಯಿಂದ ಅವನ ಮುಖ ಒರೆಸಿದಳು, ಕಾಣದೆ ಕಿವಿಯನ್ನೂ ಒರೆಸಿದಳು. ಆಮೇಲೆ ಅಂಗೈಯನ್ನು ಅವನ ಎದೆಯ ಮೇಲಿಟ್ಟಳು.

"ಯಾಕಿಂಗ್ ಒಡ್ಕತಾ ಅದೆ?"

"ಓಡ್ಬಂದೆ."

"ಆಯ್ತು, ಮಾತಾಡ್ಬ್ಯಾಡ."

ಅವಳು ಕೈ ತೆಗೆಯಲಿಲ್ಲ. ಅಳುತ್ತಿದ್ದ ಮಗು ಸುಮ್ಮನಾಗಿತ್ತು. ಎಲ್ಲರ ಮುಖವೂ ಸೀಳಿನ ಕಡೆಗಿತ್ತು. ಒಳಗೆಲ್ಲೋ ಒಂದು ಕುಳಿ ಇನ್ನೂ ಹಾಗೇ ಇತ್ತು. ದೂಳು ನಿಧಾನವಾಗಿ ಇಳಿಯುತ್ತಾ ಹುಲ್ಲಿನ ಮೇಲೆ, ಅವಳ ಕಣ್ಣಿನ ಬಿಳಿ ಬಟ್ಟೆಯ ಮೇಲೆ, ಅವನ ಎದೆಯ ಮೇಲಿದ್ದ ಅವಳ ಕೈಯ ಮೇಲೆ ಕೂರುತ್ತಿತ್ತು.